ಸೆಕೆಗಾಲದ ಉಣ್ಣೆ ಕೋಟು

"ಕೋಟು ಬಿಚ್ಚಿ."

ಪರಿಚಯವೇ ಇಲ್ಲದ ಗಂಡಸಿಗೆ ಅವಳು ಆಡಿದ ಮೊದಲ ಮಾತು ಅದು! ಆಡಿದ ಮೇಲೆ ಕಿವಿಯವರೆಗೂ ಕೆಂಪಾದಳು.

ಏನು ಮಾಡುವುದು? ಅವನು ನಾಟಕಗಳಿಗೆ ದೀಪ ಹಾಕುವವನು. ಅಂದು ವೇದಿಕೆಯಲ್ಲಿ ಅವನಿಗೆ ಸನ್ಮಾನ. ಅಷ್ಟರಲ್ಲಿ ಏಣಿಯ ಮೊಳೆಗೆ ಸಿಕ್ಕಿ ಕೋಟಿನ ಬೆನ್ನು ಹರಿದಿತ್ತು. ಅವಳು ನಾಟಕದ ಉಡುಪು ಹೊಲಿಯುವವಳು. ಆಗ ಹೇಗೋ ಹೊಲಿದು ಕೊಟ್ಟಳು, ಮರುದಿನ ತರಿಸಿಕೊಂಡು ಎಳೆಗೆ ಎಳೆ ಕೂಡಿಸಿ ರಫು ಮಾಡಿದಳು.

ಕೈಯಲ್ಲಿ ಅಂಥ ವಿದ್ಯೆ, ಆದರೆ ನಾಲ್ಕು ಜನರೆದುರು ಬಾಯಿಗೆ ಬೀಗ. ಅಕ್ಕ ಬೈಯದ ದಿನವಿರಲಿಲ್ಲ. "ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಕಣೇ. ನೀನು ಎಲೆಮರೆ ಕಾಯಾಗೇ ಇದ್ದುಬಿಡ್ತೀಯ."

ದೀಪದವನು ಅವಳನ್ನು ರಂಗದವರ ಕೂಟಗಳಿಗೆ ಕರೆಯತೊಡಗಿದ. ಅವಳು ಹೋಗಿ, ಗೋಡೆಗೆ ಒರಗಿ, ಟೀ ಕುಡಿದು ಬರುತ್ತಿದ್ದಳು. ಎಲ್ಲರನ್ನೂ ಮಾತಾಡಿಸಿ ಬಂದು ಅವನೂ ಪಕ್ಕದಲ್ಲೇ ಒರಗುತ್ತಿದ್ದ. ಆ ಗೋಡೆಯೆಂದರೆ ಅವಳಿಗೆ ಪ್ರಾಣವಾಯಿತು... ಗೋಡೆಯೋ, ಪಕ್ಕದವನೋ, ಪಾಪ, ಅವಳಿಗೇ ತಿಳಿಯಲಿಲ್ಲ.

ಒಂದು ದಿನ ದೊಡ್ಡ ರಂಗಮಂದಿರದಿಂದ ಕರೆ ಬಂತು. ಉಡುಪು ವಿಭಾಗಕ್ಕೆ ಅವಳೇ ಮುಖ್ಯಸ್ಥೆ! ಸಂತೋಷದಿಂದ ಕುಣಿಯುವಷ್ಟರಲ್ಲಿ ಮೇಕಪ್ಪಿನವನು ನಕ್ಕ. "ದೀಪದವರು ಕೈಕಾಲು ಹಿಡಿದು ಕೊಡಿಸಿರ್ಬೇಕು ಬಿಡಿ."

ಅವಳ ಮೈಯೆಲ್ಲ ಉರಿಯಿತು. 'ಕನಿಕರದ ಕೆಲಸವೇ? ಅವನೂ ನನ್ನನ್ನು ಅಷ್ಟೇ ಎಂದುಕೊಂಡನೇ?' ಅವನ ಫೋನು ಎತ್ತುವುದನ್ನೇ ಬಿಟ್ಟಳು. ಮುಂದಿನ ಕೂಟದಲ್ಲಿ ನೇರವಾಗಿ ಆ ರಂಗಮಂದಿರ ನಡೆಸುವ ಮೇಡಂ ಬಳಿ ಹೋಗಿ, ಶಿಫಾರಸಿನ ಕೆಲಸ ತನಗೆ ಬೇಡವೆಂದಳು.

ಮೇಡಂ ಮುಖ ನೋಡಿದರು. "ಯಾವ ಶಿಫಾರಸಮ್ಮ? ಆ ದೀಪದವನು ಈ ಸೆಕೆಯಲ್ಲೂ ಉಣ್ಣೆ ಕೋಟು ಹಾಕ್ಕೊಂಡು ಬಂದು, ಎಲ್ಲರಿಗೂ ಬೆನ್ನು ತೋರಿಸ್ತಾನೆ. ಹರಿದಿದ್ದು ಎಲ್ಲಿ, ಹುಡುಕಿ ಅಂತಾನೆ. ಕನ್ನಡಕ ಹಾಕ್ಕೊಂಡು ಹುಡುಕಿದೆ, ಸಿಗ್ಲಿಲ್ಲ. ಹೊಲಿದೋರು ಯಾರು ಅಂತ ಕೇಳಿದ್ದು ನಾನೇ."

ಅವಳು ತಿರುಗಿ ನೋಡಿದಳು. ಅದೇ ಗೋಡೆಯ ಬಳಿ, ಅದೇ ಕೋಟಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಅವಳ ಕಣ್ಣು ತುಂಬಿತು. ಹತ್ತಿರ ಹೋಗಿ, ಯಾಕೆ ಹೀಗೆಲ್ಲ ಮಾಡಿದಿರೆಂದು ಕೇಳಿದಳು.

"ಕೆಲಸ ಚೆನ್ನಾಗಿದ್ರೆ ಸಾಲದು, ನಾಲ್ಕು ಜನರ ಕಣ್ಣಿಗೆ ಬೀಳ್ಬೇಕು. ನಿಮಗೆ ಮಾತಾಡೋಕೆ ಸಂಕೋಚ, ಅದಕ್ಕೇ..." ಅವನು ತಲೆ ತಗ್ಗಿಸಿದ. "ಊರಿಗೆಲ್ಲ ನಿಮ್ಮ ವಿಷಯ ಹೇಳಿದೆ. ನಿಮ್ಮನ್ನ ಇಷ್ಟಪಡ್ತೀನಿ ಅಂತ ನಿಮಗೆ ಮಾತ್ರ ಹೇಳೋಕಾಗ್ಲಿಲ್ಲ."

ಅವಳು ಮೆಲ್ಲಗೆ, "ಕೋಟು ಬಿಚ್ಚಿ" ಎಂದಳು.

ಕೋಟನ್ನು ತನ್ನ ತೋಳಿನ ಮೇಲೆ ಹಾಕಿಕೊಂಡು, ಅವನ ಕೈ ಹಿಡಿದು ಮೇಡಂ ಎದುರು ನಿಂತಳು. ಜೀವನದಲ್ಲಿ ಮೊದಲ ಸಲ, ತಾನಾಗಿಯೇ ಒಬ್ಬರ ಪರಿಚಯ ಮಾಡಿಸಿದಳು.

"ಮೇಡಂ, ಸೋಮವಾರ ಕೆಲಸಕ್ಕೆ ಬರ್ತೀನಿ. ಇವರು... ಇವರು ನನ್ನವರು."

ಅವನ ಬೆರಳುಗಳು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದವು. ಹೊರಗೆ ಬರುವಾಗ ಕಿವಿಯ ಬಳಿ ಬಗ್ಗಿ ಕೇಳಿದ. "ಮುಂದಿನ ಕೂಟಕ್ಕೆ ಏನು ಹಾಕ್ಕೊಳ್ಲಿ?"

"ತೆಳ್ಳಗಿನ ಹತ್ತಿ ಅಂಗಿ. ನಾನೇ ಹೊಲಿದು ಕೊಡ್ತೀನಿ."