ದರ್ಜಿಯ ನಾಯಿಯ ಹೊಟ್ಟೆಯೊಳಗಿನ ಮೇಕೆ

ಸೋಮವಾರ ಬೆಳಿಗ್ಗೆ ೯.೪೦ಕ್ಕೆ ಪಶು ಪ್ರಯೋಗಾಲಯದ ಡಾಕ್ಟರಮ್ಮ ಠಾಣೆಗೆ ಬಂದು, ಇನ್‌ಸ್ಪೆಕ್ಟರ ಮೇಜಿನ ಮೇಲೆ ಪುಟ್ಟ ಡಬ್ಬಿಯೊಂದನ್ನು ಇಟ್ಟರು.

“ದೂರು ಕೊಡಬೇಕು. ಇದು ದರ್ಜಿ ಅಂಗಡಿ ನಾಯಿಯ ಮಲ ಅಂತ ಪರೀಕ್ಷೆಗೆ ಬಂದಿದೆ. ಅಲ್ಲ.”

ಇನ್‌ಸ್ಪೆಕ್ಟರು ಕಾಫಿ ಲೋಟವನ್ನು ದೂರ ಸರಿಸಿದರು. “ಮತ್ತೆ ಯಾರದ್ದು?”

“ಮೇಕೇದು ಇರಬೇಕು. ಇದರಲ್ಲಿರೋ ಕರುಳಿನ ಪರಾವಲಂಬಿಯ ವಂಶವಾಹಿ ನೋಡಿದೆ. ನಾಯಿಗೊಂದು ಜಾತಿ, ಮನುಷ್ಯರಿಗೊಂದು, ಗೊರಸಿರೋ ಪ್ರಾಣಿಗೊಂದು. ಇದು ಗೊರಸಿನ ಜಾತಿ.”

ದರ್ಜಿ ಅಂಗಡಿಯ ಬೀದಿಯ ಮಕ್ಕಳಿಗೆ ಎರಡು ವಾರದಿಂದ ಭೇದಿ; ಅನುಮಾನ ಆ ನಾಯಿಯ ಮೇಲೆ. ನಾಯಿಯಲ್ಲಿ ಮನುಷ್ಯರ ಜಾತಿಯ ಪರಾವಲಂಬಿ ಸಿಕ್ಕರೆ ಅದನ್ನು ಊರಾಚೆ ಸಾಗಿಸಬೇಕೆಂದು ಆರೋಗ್ಯ ಇಲಾಖೆಯ ಆದೇಶವಿತ್ತು. ಅದನ್ನು ತಪ್ಪಿಸಲು ಯಾರೋ ಮೇಕೆಯ ಮೊರೆಹೋಗಿದ್ದರು. ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಬರೆಯುವ ಕೆಲಸ ಹೊಸ ಮಹಿಳಾ ಪೇದೆಯ ಪಾಲಿಗೆ ಬಂತು. ಮಾತು ಕಮ್ಮಿ, ಕಣ್ಣು ಚುರುಕು. ಮೂಗು ಮುಚ್ಚಿಕೊಂಡೇ ಬರೆದಳು: ‘ಡಬ್ಬಿಯ ಮುಚ್ಚಳದ ಸುತ್ತ ನೀಲಿ ಪುಡಿ.’

೧೧.೧೫ಕ್ಕೆ ದರ್ಜಿ ಅಂಗಡಿ. ಗಂಡ ಬಟ್ಟೆ ಕತ್ತರಿಸುತ್ತಿದ್ದ, ಹೆಂಡತಿ ಹೊಲಿಯುತ್ತಿದ್ದಳು. ನಡುವೆ ಚಾಪೆಯ ಮೇಲೆ ನಾಯಿ, ಬೊಟ್ಟು.

“ಡಬ್ಬಿ ತುಂಬಿಸಿದ್ದು ಯಾರು?”

ಹೆಂಡತಿ ನಾಯಿಯ ಕಡೆ ತಿರುಗಿದಳು. “ನಿಮ್ಮಪ್ಪನ್ನ ಕೇಳು ಮರಿ.”

“ನಂಗೇನೂ ಗೊತ್ತಿಲ್ಲ ಅಂತ ನಿಮ್ಮಮ್ಮಂಗೆ ಹೇಳೋ,” ಎಂದು ಗಂಡನೂ ನಾಯಿಗೇ ಹೇಳಿದ.

“ಏನಮ್ಮ, ನಾಯಿ ಹೇಳಿಕೆ ಬರ್ಕೊಳ್ತಿದೀಯಾ?” ಎಂದರು ಇನ್‌ಸ್ಪೆಕ್ಟರು.

“ಇಲ್ಲ ಸಾರ್. ಬೆರಳು ನೋಡ್ತಿದೀನಿ.”

ಹೆಂಡತಿಯ ಬೆರಳಲ್ಲಿ ಮೆಷಿನ್ ಎಣ್ಣೆ. ಗಂಡನ ಬೆರಳಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಪುಡಿ.

ಹೊಸ ಸ್ಯಾಂಪಲ್ಲಿಗೆಂದು ಬೊಟ್ಟುವನ್ನು ಪ್ರಯೋಗಾಲಯಕ್ಕೆ ಒಯ್ದರು. ಹಿತ್ತಿಲಾಚೆಯ ಮನೆಯ ಮೇಕೆಯ ಹಿಕ್ಕೆಯನ್ನೂ ಕಳಿಸಿದರು. ಮೂರು ದಿನ ಪೇದೆ ಆ ಬೀದಿಯಲ್ಲೇ ಬೀಟ್ ತಿರುಗಿದಳು. ಬೊಟ್ಟು ಇಲ್ಲದ ಅಂಗಡಿಯಲ್ಲಿ ಮೆಷಿನ್ನಿನ ಸದ್ದು ಬಿಟ್ಟರೆ ತುಟಿಪಿಟಕ್ಕೆನ್ನುವವರಿರಲಿಲ್ಲ.

ಗುರುವಾರ ಸಂಜೆ ೪.೨೦ಕ್ಕೆ ವರದಿ ಬಂತು. ಡಬ್ಬಿಯಲ್ಲಿದ್ದದ್ದು ಅದೇ ಮೇಕೆಯದು. ಬೊಟ್ಟುವಿನಲ್ಲಿದ್ದದ್ದು ಮನುಷ್ಯರಿಗೆ ದಾಟದ, ನಾಯಿಗಳದೇ ಜಾತಿ. ಮಕ್ಕಳಲ್ಲಿದ್ದದ್ದು ಮನುಷ್ಯರದು; ಒಡೆದ ನೀರಿನ ಪೈಪಿನಲ್ಲೂ ಅದೇ ಸಿಕ್ಕಿತ್ತು. ನಾಯಿ ನಿರಪರಾಧಿ. ದರ್ಜಿ ಅಲ್ಲ.

೪.೫೫ಕ್ಕೆ ದರ್ಜಿಯ ಬಂಧನ.

“ಯಾಕಪ್ಪಾ ಮಾಡ್ದೆ?”

“ನಾಲ್ಕು ವರ್ಷದ ಹಿಂದೆ ಗಿರಾಕಿ ಮುಂದೆ ಇವಳ ಹೊಲಿಗೆ ಸೊಟ್ಟ ಅಂದ್ಬಿಟ್ಟೆ ಸಾರ್. ಅವತ್ತಿಂದ ಏನಿದ್ರೂ ಬೊಟ್ಟು ಕೈಲೇ ಹೇಳ್ಸೋದು. ಅವನೂ ಹೋದ್ರೆ...”

ಹೆಂಡತಿ ಬರಿದಾದ ಚಾಪೆ ನೋಡಿದಳು, ಪೇದೆಯನ್ನು ನೋಡಿದಳು, ಸೂರು ನೋಡಿದಳು. ಕೊನೆಗೆ ಗಂಡನ ಕಡೆಗೇ ತಿರುಗಿದಳು.

“ಅಲ್ರೀ, ಮೇಕೆ ಹಿಕ್ಕೆ ಕಲಸೋ ಬದ್ಲು ತಪ್ಪಾಯ್ತು ಅಂದಿದ್ರೆ ಸಾಕಿತ್ತಲ್ರೀ!”

“ತಪ್ಪಾಯ್ತು ಕಣೇ.”

ಜಾಮೀನಿಗೆ ಸಹಿ ಹಾಕಲೆಂದು ಅವಳೂ ಜೀಪು ಹತ್ತಿದಳು. ಕೇಸಿನ ಕಾಗದದಲ್ಲಿ ಅಪರಾಧದ ಕಾರಣ ಎಂದಿದ್ದ ಜಾಗದಲ್ಲಿ ಪೇದೆ ಬರೆದಳು: ‘ಮನೆಯಲ್ಲಿ ಮಾತು ನಿಂತುಹೋದೀತೆಂಬ ಭಯ.’ ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಬೈಗುಳ ಒಟ್ಟಿಗೇ ಸುರಿಯುತ್ತಿತ್ತು. ಆರೋಪಿ ಒಂದಕ್ಷರವನ್ನೂ ಬಿಡದೆ ಕಿವಿತುಂಬ ಕೇಳುತ್ತಿದ್ದ.