ಅಣ್ಣನ ಪೆಟ್ಟಿಗೆ

ಧರ್ಮಗಳನ್ನೆಲ್ಲ ಒಟ್ಟಿಗಿಟ್ಟು ಓದುವ, ಆತ್ಮವನ್ನು ಪ್ರಯೋಗದಿಂದಲೇ ಸಾಬೀತು ಮಾಡಹೊರಟ ಆ ಮಂಡಳಿಗೆ ಅಣ್ಣ ಅಧ್ಯಕ್ಷ. ಅಣ್ಣನ ಭಾಷಣಗಳನ್ನೆಲ್ಲ ಬರೆದವನು ತಮ್ಮ. ಚಪ್ಪಾಳೆ ಅಣ್ಣನಿಗೆ, ತಮ್ಮನಿಗೆ ದಕ್ಕಿದ್ದು 'ಬಾಲಂಗೋಚಿ' ಎಂಬ ಅಡ್ಡಹೆಸರು. ಅದನ್ನಿಟ್ಟವನೂ ಅಣ್ಣನೇ. ಹಾಸಿಗೆ ಹಿಡಿದ ಮೇಲಾದರೂ ಪೀಠ ಬಿಟ್ಟುಕೊಟ್ಟಾನೆಂದು ಕಾದರೆ, ಅವನು ಕೊನೆಯ ಪ್ರಯೋಗವೊಂದನ್ನು ಸಾರಿದ: ತಲೆದಿಂಬಿನ ಬಳಿಯ ಪೆಟ್ಟಿಗೆಯಲ್ಲಿ ಒಂದು ವಸ್ತುವಿದೆ, ಅದೇನೆಂದು ಸತ್ತ ಮೇಲೆ ತನ್ನ ಆತ್ಮ ಯಾರಿಗೆ ತಿಳಿಸುತ್ತದೋ ಅವರೇ ಮುಂದಿನ ಅಧ್ಯಕ್ಷರು.

"ನನಗಾದ್ರೂ ಹೇಳ್ಬಹುದಿತ್ತಲ್ಲ, ಅಣ್ಣ?"

"ಬದುಕಿದ್ದಾಗ ನನ್ನ ಮಾತು ಕೇಳಿದೋನು, ಸತ್ಮೇಲೆ ಕೇಳ್ದೇ ಇರ್ತೀಯೇನೋ ಬಾಲಂಗೋಚಿ?"

ತಮ್ಮನೂ ನಕ್ಕ. ನಗದೆ ಏನು ಮಾಡಿಯಾನು? ತಲೆ ನರೆತಿತ್ತು, ಹೋಗಲು ಬೇರೆ ಮನೆಯಿರಲಿಲ್ಲ.

ಮಂಡಳಿಯಲ್ಲಿ ಯಾವುದಕ್ಕೂ ಬೀಗವಿಲ್ಲ. ಸತ್ಯ ಹುಡುಕುವವರ ನಡುವೆ ಬೀಗ ಅವಮಾನವಂತೆ. ಬೆಳಗಿನ ಧ್ಯಾನಕ್ಕೆ ಅಣ್ಣನ ಮಗಳೂ ಸೇರಿ ಎಲ್ಲರೂ ಕೆಳಗೆ ಕಣ್ಣು ಮುಚ್ಚಿ ಕೂರುತ್ತಾರೆ. ಕೊಲೆಗಾರನಿಗೆ ಇಂಥ ಅನುಕೂಲ ಇನ್ನೆಲ್ಲಿ ಸಿಕ್ಕೀತು? ಒಂದು ಬೆಳಿಗ್ಗೆ, ಮಂಡಳಿಯ ಪತ್ರಿಕೆಯ ಕರಡು ತಿದ್ದುವುದಿದೆ ಎಂದು ಮುದ್ರಣಾಲಯದ ಒಳಕೋಣೆಯ ಬಾಗಿಲು ಹಾಕಿಕೊಂಡ ತಮ್ಮ, ಹಿಂಬಾಗಿಲಿಂದ ಹೊರಬಿದ್ದು ಅಣ್ಣನ ಕೋಣೆಗೆ ಬಂದ. ಅಣ್ಣ ಔಷಧದ ಮಂಪರಿನಲ್ಲಿದ್ದ. ಆಮ್ಲಜನಕದ ಸಿಲಿಂಡರಿನ ತಿರುಪು ಮುಚ್ಚಿ, ಗೋಡೆಯತ್ತ ತಿರುಗಿ ಕೂತ. ಅಳು ಬಂತು; ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ತಿರುಪನ್ನು ಮೊದಲಿನಂತೆ ಬಿಟ್ಟು ಪೆಟ್ಟಿಗೆ ತೆರೆದ. ಒಳಗೆ ಅಣ್ಣನ ಹಲ್ಲಿನ ಸೆಟ್ಟು! ಸಾಯುವಾಗಲೂ ತಮಾಷೆ. ಯಾರ ಊಹೆಗೂ ನಿಲುಕದ್ದು ಎಂದು ಸಮಾಧಾನಪಟ್ಟು, ಕರಡಿಗೆ ಮರಳಿದ.

ಸಹಜ ಸಾವು ಎಂದರು ವೈದ್ಯರು.

ಸಂತಾಪ ಸಭೆಯಲ್ಲಿ ತಮ್ಮ ಕಣ್ಣು ಮುಚ್ಚಿ, "ಹಲ್ಲು... ಅಣ್ಣ ಹಲ್ಲು ಅಂತಿದಾನೆ. ಕಟ್ಟಿಸ್ಕೊಂಡಿದ್ನಲ್ಲ, ಅದು" ಎಂದ. ಯಾರೋ ಕಿಸಕ್ಕನೆ ನಕ್ಕರು. ಮಗಳು ಪೆಟ್ಟಿಗೆ ತೆರೆದಳು. ಇದ್ದದ್ದು ಒಂದು ಅಯಸ್ಕಾಂತ. ಪೀಠ ಹೋದರೆ ಹೋಗಲಿ, ಸೋತದ್ದಕ್ಕೆ ಯಾರೂ ಗಲ್ಲಿಗೇರಿಸುವುದಿಲ್ಲ ಎಂದುಕೊಂಡ.

ಮಗಳು ಅವನನ್ನೇ ನೋಡುತ್ತಿದ್ದಳು. "ಆವತ್ತು ಅಪ್ಪ ಮಂಪರಲ್ಲಿದ್ರು. ಹಲ್ಲು ಗಂಟಲಿಗೆ ಜಾರೀತು ಅಂತ ನಾನೇ ತೆಗೆದೆ. ಅದನ್ನಿಡೋ ಬಟ್ಟಲು ಕೈಜಾರಿ ಒಡೆದುಹೋಯ್ತು, ಧ್ಯಾನಕ್ಕೆ ಬೇರೆ ಹೊತ್ತಾಗಿತ್ತು. ಪೆಟ್ಟಿಗೆಯಲ್ಲಿ ಎರಡಕ್ಕೂ ಜಾಗ ಸಾಲ್ದೆ, ಈ ಅಯಸ್ಕಾಂತ ನನ್ನ ಹತ್ರ ಇಟ್ಕೊಂಡು, ಹಲ್ಲನ್ನ ಅದರಲ್ಲಿಟ್ಟು ಹೋದೆ. ಧ್ಯಾನ ಮುಗ್ಸಿ ಬಂದಾಗ ಅಪ್ಪನ ಉಸಿರು ನಿಂತಿತ್ತು. ಯಾರೂ ಬರೋ ಮುಂಚೆ ಹಲ್ಲು ಬಾಯಿಗೆ ಹಾಕಿ, ಇದನ್ನ ಇಲ್ಲೇ ಇಟ್ಟೆ." ಅವಳು ಪೆಟ್ಟಿಗೆ ಮುಚ್ಚಿದಳು. "ಹಲ್ಲು ಇದರಲ್ಲಿತ್ತು ಅಂತ ಅಪ್ಪನಿಗೇ ಗೊತ್ತಿರ್ಲಿಲ್ಲ, ಚಿಕ್ಕಪ್ಪ."