ನಾಳೆ ಸಾಹೇಬರ ಮೆಟಲ್ ಡಿಟೆಕ್ಟರ್

"ಹುಡುಗಿ ನೋಡೋಕೆ ಬರೋರೂ ಇಷ್ಟು ಸಲ ಬರಲ್ಲ ಕಣೇ," ಎಂದು ಮಾವ ಒಳಗಿನಿಂದ ಗೊಣಗಿದರು. "ಬಂದ ನೋಡು, ನಿನ್ನ ನಾಳೆ ಸಾಹೇಬ."

ಕೆನ್ನೆ ಕೆಂಪಾದದ್ದು ಕಾಣದಿರಲೆಂದು ಅವಳು ಗಾಜಿನ ಕಪಾಟು ಒರೆಸತೊಡಗಿದಳು. ಸೋದರಮಾವನ ಮೆಟಲ್ ಡಿಟೆಕ್ಟರ್ ಅಂಗಡಿಯಲ್ಲಿ ವ್ಯಾಪಾರವೆಲ್ಲ ಅವಳದೇ. ಚಿನ್ನ ಹುಡುಕುವವರು ಬರುತ್ತಾರೆ, ಕೊಳ್ಳುತ್ತಾರೆ, ಬೆಟ್ಟ ಹತ್ತುತ್ತಾರೆ. ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಇವನೊಬ್ಬ ಮಾತ್ರ ಎಲ್ಲವನ್ನೂ ಮುಟ್ಟಿ ನೋಡಿ, "ನಾಳೆ ಹೇಳ್ತೀನಿ" ಎಂದು ಹೋಗುತ್ತಾನೆ. ಅವಳೇನು ಕಮ್ಮಿಯೇ? "ಇನ್ನೊಂದು ಮಾಡೆಲ್ ಇದೆ, ನೋಡ್ತೀರಾ?" ಎಂದು ಆ ನಾಳೆಯನ್ನು ಎಳೆಯುತ್ತಲೇ ಬಂದಿದ್ದಾಳೆ. ಕೊಂಡರೆ ಹೋಗಿಬಿಡುತ್ತಾನಲ್ಲ!

"ಇವತ್ತು ತೀರ್ಮಾನ ಮಾಡ್ಲೇಬೇಕು," ಎಂದ ಅವನು. "ಬೆಳಿಗ್ಗೆ ಅಣ್ಣನ ಜೊತೆ ಬೆಟ್ಟಕ್ಕೆ ಹೊರಡ್ತಿದೀನಿ. ಮಳೆ ಹಿಡಿಯೋವರೆಗೂ ಅಲ್ಲೇ."

"ಹೌದಾ?" ಎಂದಳು. ಬಾಯಿಗೆ ಬಂದದ್ದು ಅಷ್ಟೇ.

"ಇದು ಹೇಗೆ ಕೆಲಸ ಮಾಡುತ್ತೆ, ಇನ್ನೊಂದ್ಸಲ ಹೇಳಿಬಿಡಿ."

ಕೇಳಿದ್ದನ್ನೇ ಕೇಳುತ್ತಾನೆ. ಅವಳಿಗೂ ಹೇಳಿದ್ದನ್ನೇ ಹೇಳುವ ಆಸೆ.

"ಈ ತಟ್ಟೆ ಥರದ ಕಾಯಿಲ್ ಇದೆಯಲ್ಲ, ಇದು ಮಣ್ಣಿನೊಳಗೆ ಅಯಸ್ಕಾಂತದ ಅಲೆ ಕಳಿಸುತ್ತೆ. ಒಳಗೆ ಲೋಹ ಇದ್ರೆ ಅದ್ರಲ್ಲಿ ಸಣ್ಣ ಕರೆಂಟ್ ಹುಟ್ಟಿ, ಅದೂ ವಾಪಸ್ ಅಲೆ ಕಳಿಸುತ್ತೆ. ಆಗ ಬೀಪ್ ಅನ್ನುತ್ತೆ."

"ಉತ್ತರ ಬರದಿದ್ರೆ?"

ಅವಳು ತಲೆಯೆತ್ತಿದಳು. ಅವನ ನೋಟ ಕಾಯಿಲ್ ಮೇಲೆ ಇರಲೇ ಇಲ್ಲ.

"ತುಂಬಾ ಆಳದಲ್ಲಿರುತ್ತೆ ಅಂತ," ಎಂದು ಬೇಗ ಬೇಗ ಹೇಳಿದಳು.

"ಈ ಹಗುರದ್ದು ಸಾಕಲ್ವಾ?"

ಹೂಂ ಎಂದರೆ ಮುಗಿಯಿತು. ವಾರದಲ್ಲಿ ಬೈಯಲಿಕ್ಕಾದರೂ ವಾಪಸು ಬಂದಾನು. ಆ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

"ಬೇಡ. ಕಾಳಿನಷ್ಟು ಚಿನ್ನಾನೂ ಹಿಡಿಯುತ್ತೆ ನಿಜ. ಆದ್ರೆ ಆ ಬೆಟ್ಟದ ಕೆಂಪು ಮಣ್ಣಲ್ಲಿ ಕಬ್ಬಿಣ ಜಾಸ್ತಿ, ಕಾಲಿಟ್ಟಲ್ಲೆಲ್ಲ ಬಡ್ಕೊಳ್ಳುತ್ತೆ. ಬಿಟ್ಟು ಬಿಟ್ಟು ಅಲೆ ಕಳಿಸೋ ಪಲ್ಸ್ ಮಿಷಿನ್ ತಗೊಳ್ಳಿ. ಭಾರ ಇದೆ, ತುಕ್ಕು ಮೊಳೆಗೂ ಕೂಗುತ್ತೆ, ಆದ್ರೂ ಆ ಮಣ್ಣಿಗೆ ಅದೇ ಸರಿ. ಹಿತ್ತಿಲಿಗೆ ಬನ್ನಿ, ಕೈಯಲ್ಲಿ ಹಿಡಿದು ನೋಡಿ."

ಹಿತ್ತಿಲಿನ ಮರದ ಪೆಟ್ಟಿಗೆಯಲ್ಲಿ ಕೆಂಪು ಮಣ್ಣು ತುಂಬಿ, ಚಿನ್ನದ ಬದಲು ಸೀಸದ ಚೂರು ಹೂತಿಟ್ಟಿದ್ದರು. ಹೊಸಬರು ಮಿಷಿನನ್ನು ಪೊರಕೆಯಂತೆ ಬೀಸುತ್ತಾರೆ. ಅವನು ಹಾಗೆ ಮಾಡಲಿಲ್ಲ. ಯಾವುದೋ ಯೋಚನೆಯಲ್ಲಿ ಬಟನ್ ಒತ್ತಿ ಹಿಡಿದು, ಕಾಯಿಲನ್ನು ಮಣ್ಣಿನ ಮೇಲೆ ಎತ್ತಿ ಇಳಿಸಿ, ಎತ್ತಿ ಇಳಿಸಿ, ಮಿಷಿನಿನ ಗಲಾಟೆ ಅಡಗಿದ ಮೇಲೆ ಮೆಲ್ಲಗೆ ಸರಿಸಿದ.

ಮಿಷಿನನ್ನು ಮಣ್ಣಿಗೆ ಹೊಂದಿಸುವ ಆ ಪಾಠವನ್ನು ಅವಳು ಅವನಿಗೆ ಹೇಳಿಕೊಟ್ಟೇ ಇರಲಿಲ್ಲ. ಇನ್ನೊಂದು ದಿನದ ನೆಪಕ್ಕೆಂದು ಉಳಿಸಿಕೊಂಡಿದ್ದಳು.

"ರೀ, ಮನೇಲಿ ಮಿಷಿನ್ ಇದೆ ಅಲ್ವಾ?"

ಅವನ ಕೈ ನಿಂತಿತು. ಕಿವಿಗಳು ಕೆಂಪಾದವು. "ಇದೆ."

"ಯಾವುದು?"

"ಇದೇ. ಪಲ್ಸ್."

"ಅಯ್ಯೋ ಕಳ್ಳ! ಇಷ್ಟು ದಿನ ನನ್ನ ಕಿವಿ ಮೇಲೆ ಹೂ ಇಟ್ರಾ?"

"ನಿಮ್ಮ ಮಾತು ಕೇಳೋಕೆ ಬರ್ತಿದ್ದೆ," ಎಂದ ಅವನು, ತಲೆ ತಗ್ಗಿಸಿ. "ಎರಡು ವರ್ಷದಿಂದ ಹುಡುಕಿದ್ರೂ ಮೊಳೆ ಬಿಟ್ರೆ ಏನೂ ಸಿಕ್ಕಿಲ್ಲ. ಬರಿಗೈಲಿ ನಿಮ್ಮ ಮಾವನ ಮುಂದೆ ಹೇಗೆ ನಿಲ್ಲಲಿ? ಈ ಸಲ ಚೂರಾದ್ರೂ ಸಿಕ್ರೆ ಬಂದು ನಿಮ್ಮನ್ನ ಕೇಳೋಣ ಅಂತ."

"ಸಿಗದಿದ್ರೆ?"

ಅವನು ಕಾಯಿಲಿಗೆ ಅಂಟಿದ ಮಣ್ಣು ಒರೆಸತೊಡಗಿದ.

ಸಿಗದಿದ್ದರೆ ಇವನು ಬರುವುದೇ ಇಲ್ಲ! ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

"ಅಲ್ಲಾ ರೀ, ಹೆಣ್ಣು ಕೇಳೋಕೆ ಚಿನ್ನ ಯಾಕೆ? ಬಾಯಿ ಸಾಲದಾ?"

"ನಿಮ್ಮ ಮಾವ..."

"ಮಾವನ್ನ ಆಮೇಲೆ ಕೇಳಿ. ಮೊದಲು ನನ್ನ ಕೇಳಿ."

ಮಿಷಿನನ್ನು ಗೋಡೆಗೆ ಒರಗಿಸಿ ಅವನು ಹತ್ತಿರ ಬಂದ. ಕೇಳಿದ. ಅವಳು ಹೂಂ ಎಂದದ್ದು ಅವಳಿಗೇ ಕೇಳಿಸಲಿಲ್ಲ, ಅವನಿಗೆ ಕೇಳಿಸಿತು.

"ಇಷ್ಟು ಹೇಳೋಕೆ ಅಷ್ಟೊಂದು ನಾಳೆ ಬೇಕಾಯ್ತೇನಯ್ಯಾ?" ಎಂದು, ಇಬ್ಬರೂ ಒಳಗೆ ಬಂದು ಹೇಳಿದಾಗ ಮಾವ ನಕ್ಕು ಒಪ್ಪಿದರು. ಆದರೆ ಅಣ್ಣನಿಗೆ ಕೊಟ್ಟ ಮಾತು ಮಾತೇ. ಬೆಳಿಗ್ಗೆ ಬಸ್ಸು ಹೊರಟೇ ಹೊರಟಿತು.

ಅವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಅವಳನ್ನೇ ನೋಡುತ್ತಿದ್ದ. ರಾತ್ರಿಯೆಲ್ಲ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಅವಳಿಗೆ ನೆನಪಾಗಲಿಲ್ಲ. ಬಸ್ಸಿನ ಹಿಂದೆಯೇ ನಾಲ್ಕು ಹೆಜ್ಜೆ ಓಡಿದಳು.

"ಬರಿಗೈಲೇ ಬನ್ನಿ!" ಎಂದು ಕೂಗಿದಳು. "ಬೇಗ ಬನ್ನಿ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡಿ.